ಐಮಂಗಲದ ಗಾಳಿ, ಬೆಂಗಳೂರಿನ ಕಂಪ್ಯೂಟರ್

ಹೆದ್ದಾರಿಯಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ಐಮಂಗಲ ಸಿಗುತ್ತೆ. ಆ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗ್ತಾ ಇರೋದನ್ನ ನೀವೂ ಬಸ್ಸಿನ ಕಿಟಕಿಯಿಂದ ನೋಡಿರ್ತೀರಿ. ಒಂದು ಪ್ರಶ್ನೆ. ಆ ರೆಕ್ಕೆ ತಿರುಗಿ ಹುಟ್ಟಿದ ಕರೆಂಟು ಐಮಂಗಲದ ಮನೆಯಲ್ಲೇ ದೀಪ ಉರಿಸುತ್ತಾ? ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಲಿಫ್ಟ್ ಓಡಿಸುತ್ತಾ? ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಎಲ್ಲ ಕಡೆಯ ಕರೆಂಟೂ ಒಂದೇ ಜಾಲಕ್ಕೆ ಸೇರುತ್ತೆ, ನಾವು ಸ್ವಿಚ್ಚು ಒತ್ತುತ್ತೀವಿ, ಬೆಸ್ಕಾಂ ಬಿಲ್ಲು ಕಳಿಸುತ್ತೆ. ಈ ಜಾಲಕ್ಕೇ ಗ್ರಿಡ್ ಅನ್ನೋದು.

ಕಳೆದ ಸಲ ಆ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಹುಡುಗ ಪರಿಚಯವಾದ. ಪಿಎಚ್‌ಡಿ ಮಾಡ್ತಿದ್ದಾನೆ. ವಿಷಯ ಮಳೆ ಮತ್ತು ಕಡಲೆಕಾಯಿ. ಹಳೇ ಮಳೆಯ ದಾಖಲೆಗಳನ್ನ ಇಟ್ಟುಕೊಂಡು, ಬಿತ್ತನೆ ಒಂದು ವಾರ ಮುಂದಾದರೆ ಇಳುವರಿ ಎಷ್ಟು, ಎರಡು ವಾರ ತಡವಾದರೆ ಎಷ್ಟು ಅಂತ ಸಾವಿರಾರು ಸಲ ಲೆಕ್ಕ ಹಾಕಬೇಕು. ಕಾಲೇಜಿನ ಲ್ಯಾಬಿನಲ್ಲಿ ಒಂದೇ ಕಂಪ್ಯೂಟರು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದೆ. "ಹನ್ನೊಂದು ದಿನ ಓಡಿತ್ತು ಸಾರ್. ಹನ್ನೆರಡನೇ ದಿನ ಕರೆಂಟ್ ಹೋಯ್ತು" ಅಂದ. ಗಾಳಿಯಂತ್ರಗಳು ತಿರುಗೋ ಜಿಲ್ಲೆಯಲ್ಲಿ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

"ಬೆಂಗಳೂರಲ್ಲಿ ದೊಡ್ಡ ಕಂಪ್ಯೂಟರ್ ಇದಾವಲ್ಲಪ್ಪ?" ಅಂದೆ.

"ಅವು ನಮ್ಮಂಥವರಿಗಲ್ಲ ಬಿಡಿ ಸಾರ್."

ಇವತ್ತಿನ ಮಾತು ಈ ಒಂದು ವಾಕ್ಯದ ಬಗ್ಗೆ. ಯಾಕಂದ್ರೆ ಅದು ತಪ್ಪು.

ಕರೆಂಟಿನ ಹಾಗೆ ಕಂಪ್ಯೂಟರಿನ ಶಕ್ತಿಯನ್ನೂ ಜಾಲಕ್ಕೆ ಸೇರಿಸಿ ಹಂಚಿಕೊಳ್ಳಬಹುದಲ್ಲ ಅನ್ನೋ ಯೋಚನೆ 1990ರ ದಶಕದಲ್ಲಿ ಬಲವಾಯ್ತು. ಅಮೆರಿಕದ ವಿಜ್ಞಾನಿಗಳಾದ ಇಯಾನ್ ಫಾಸ್ಟರ್, ಕಾರ್ಲ್ ಕೆಸೆಲ್‌ಮನ್ ಅದಕ್ಕೆ ರೂಪ ಕೊಟ್ಟರು. ಹೆಸರೂ ಕರೆಂಟಿನಿಂದಲೇ ಎರವಲು: ಗ್ರಿಡ್ ಕಂಪ್ಯೂಟಿಂಗ್. ನಮ್ಮಲ್ಲಿ ಸಿ-ಡ್ಯಾಕ್ ಸಂಸ್ಥೆ 'ಗರುಡ' ಅನ್ನೋ ರಾಷ್ಟ್ರೀಯ ಗ್ರಿಡ್ ಕಟ್ಟಿತು. ಮೊದಲ ಹಂತದಲ್ಲೇ 17 ನಗರಗಳ 45 ಸಂಸ್ಥೆಗಳು ಅದಕ್ಕೆ ಸೇರಿದವು. ಪ್ರವಾಹದ ಉಪಗ್ರಹ ಚಿತ್ರಗಳ ಲೆಕ್ಕದಿಂದ ಹಿಡಿದು ಔಷಧ ಸಂಶೋಧನೆಯವರೆಗೆ ಅದರ ಮೇಲೆ ಕೆಲಸ ನಡೆಯಿತು. ಇದರೊಳಗೆ ಬರುವ ಸಂಶೋಧಕನಿಗೆ ಡಿಜಿಟಲ್ ಗುರುತಿನ ಪತ್ರ ಕೊಡೋ ವ್ಯವಸ್ಥೆಯನ್ನ ಸಿ-ಡ್ಯಾಕ್ ಬೆಂಗಳೂರಿನಿಂದಲೇ ನಡೆಸಿತು. ಆಮೇಲೆ 2015ರಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಬಂತು, 4,500 ಕೋಟಿ ರೂಪಾಯಿಯ ಯೋಜನೆ. ಅದರಲ್ಲಿ ಬಂದದ್ದೇ ಐಐಎಸ್‌ಸಿಯ 'ಪರಮ್ ಪ್ರವೇಗ', 2022ರಲ್ಲಿ. ಸಾಮರ್ಥ್ಯ 3.3 ಪೆಟಾಫ್ಲಾಪ್.

3.3 ಪೆಟಾಫ್ಲಾಪ್ ಅಂದ್ರೆ ಎಷ್ಟು? ನಮ್ಮಲ್ಲಿ ದೇವತೆಗಳು 33 ಕೋಟಿ ಅಂತೀವಲ್ಲ, ಒಬ್ಬೊಬ್ಬ ದೇವತೆಯೂ ಒಂದು ಸೆಕೆಂಡಿಗೆ ಒಂದೊಂದು ಕೋಟಿ ಲೆಕ್ಕ ಮಾಡಿದರೆ ಎಷ್ಟೋ, ಅಷ್ಟು. ಸರಿಯಾಗಿ ಅಷ್ಟೇ, ಗುಣಿಸಿ ನೋಡಿ.

ಆದರೆ ಎಲ್ಲ ಕೆಲಸವೂ ಒಂದೇ ಥರ ಅಲ್ಲ. ಇಲ್ಲೇ ಬಹಳ ಜನ ಎಡವೋದು. ನಾಯಕನಹಟ್ಟಿಯ ತೇರು ಎಳೆಯೋಕೆ ನೂರಾರು ಕೈ ಒಂದೇ ಹಗ್ಗ ಹಿಡಿದು ಒಂದೇ ಗಳಿಗೆಯಲ್ಲಿ ಎಳೀಬೇಕು. ಒಬ್ಬರ ಎಳೆತಕ್ಕೂ ಇನ್ನೊಬ್ಬರ ಎಳೆತಕ್ಕೂ ಸಂಬಂಧ ಇದೆ. ಹವಾಮಾನದ ದೊಡ್ಡ ಮಾದರಿಗಳು ಈ ಥರ. ಒಂದು ತುಂಡು ಮೋಡದ ಲೆಕ್ಕ ಪಕ್ಕದ ತುಂಡಿಗೆ ಕ್ಷಣಕ್ಷಣಕ್ಕೂ ಗೊತ್ತಾಗಬೇಕು. ಅದಕ್ಕೆ ಸೂಪರ್‌ಕಂಪ್ಯೂಟರೇ ಬೇಕು. ಕಡಲೆಕಾಯಿ ಸುಲಿಯೋದು ಹಾಗಲ್ಲ. ಐವತ್ತು ಮನೆಗೆ ಒಂದೊಂದು ಮೂಟೆ ಹಂಚಿ, ಯಾರು ಯಾವಾಗ ಸುಲಿದರೂ ಕೊನೆಗೆ ಬೀಜ ಒಂದೇ ರಾಶಿಗೆ ಬೀಳುತ್ತೆ. ಗ್ರಿಡ್ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದ ಕಣಗಳ ಮಾಹಿತಿಯನ್ನ ಹೀಗೇ ಲೋಕಕ್ಕೆಲ್ಲ ಹಂಚ್ತಾರೆ. ಒಂದು ಪಾಲು ಮುಂಬೈಗೆ, ಒಂದು ಪಾಲು ಕೊಲ್ಕತ್ತಾಕ್ಕೆ ಬರುತ್ತೆ. ನಮ್ಮ ಹುಡುಗನ ಸಾವಿರಾರು ಬಿತ್ತನೆಯ ಲೆಕ್ಕಗಳೂ ಸುಲಿಯೋ ಜಾತಿಗೇ ಸೇರಿದ್ದು. ಒಂದರ ಉತ್ತರಕ್ಕೆ ಇನ್ನೊಂದು ಕಾಯಬೇಕಿಲ್ಲ. ಅದನ್ನ ಅವನು ಒಂದೇ ಮಿಷನ್ನಿನಲ್ಲಿ ಒಂದಾದ ಮೇಲೊಂದು ಓಡಿಸ್ತಾ ಕೂತಿದ್ದ!

ಹಾಗಾದರೆ ಒಳಗೆ ಹೋಗೋದು ಹೇಗೆ? ಬೆಂಗಳೂರಿಗೆ ಬಸ್ಸು ಹತ್ತೋದೇನೂ ಬೇಡ. ಗೈಡ್ ಮೂಲಕ ಅರ್ಜಿ ಹಾಕಬೇಕು: ಏನು ಸಂಶೋಧನೆ, ಯಾವ ಸಾಫ್ಟ್‌ವೇರ್, ಎಷ್ಟು ಗಂಟೆ ಬೇಕು. ಸಿ-ಡ್ಯಾಕ್ ಬೆಂಗಳೂರಿನ 'ಪರಮ್ ಉತ್ಕರ್ಷ್' ಹೊರಗಿನ ವಿದ್ಯಾಸಂಸ್ಥೆಗಳಿಗೂ ಸೇವೆ ಕೊಡೋಕಂತಲೇ ಇರೋದು. ಶುಲ್ಕ ಒಂದೊಂದು ಕಡೆ ಒಂದೊಂದು ರೀತಿ, ಕೇಳಿಕೊಂಡೇ ಹೋಗಿ. ಖಾತೆ ಸಿಕ್ಕಿದ ಮೇಲೆ ನಿಮ್ಮ ಹಳೇ ಲ್ಯಾಪ್‌ಟಾಪಿನಿಂದಲೇ ಲಾಗಿನ್ ಆಗಬಹುದು. ಲೆಕ್ಕ ನಡೆಯೋದು ಅಲ್ಲಿ. ನಿಮ್ಮ ಊರಲ್ಲಿ ಕರೆಂಟ್ ಹೋದರೆ ಹೋಗಲಿ, ಕೆಲಸ ನಿಲ್ಲಲ್ಲ.

ಲಿನಕ್ಸ್ ಬೇಕು. ಮೌಸ್ ಹಿಡಿದು ಕ್ಲಿಕ್ಕಿಸೋ ಅಭ್ಯಾಸದವರಿಗೆ ಮೊದಲ ವಾರ ಕಷ್ಟ ಆಗುತ್ತೆ, ಸುಳ್ಳು ಹೇಳಲ್ಲ. ಇನ್ನೊಂದು, ಅಲ್ಲಿ ಸರದಿ ಇರುತ್ತೆ. ಎಷ್ಟು ಪ್ರೊಸೆಸರ್, ಎಷ್ಟು ಗಂಟೆ ಅಂತ ಚೀಟಿ ಬರೆದು ಕೊಟ್ಟು ಕಾಯಬೇಕು. ಇಲ್ಲಿ ಒಂದು ಗುಟ್ಟಿದೆ. ಎರಡು ಗಂಟೆ ಕೆಲಸಕ್ಕೆ ಹೆದರಿ ಇಪ್ಪತ್ತನಾಲ್ಕು ಗಂಟೆ ಕೇಳಿದರೆ ಹಿಂದೆ ಉಳೀತೀರಿ. ತುಂಬಿದ ಬಸ್ಸಿನಲ್ಲಿ ಒಬ್ಬಂಟಿ ಪ್ರಯಾಣಿಕನಿಗೆ ಮೂಲೆಯ ಸೀಟು ಸಿಕ್ಕೋ ಹಾಗೆ, ಎರಡು ದೊಡ್ಡ ಕೆಲಸಗಳ ನಡುವಿನ ಸಂದಿಯಲ್ಲಿ ಸಣ್ಣ ಕೆಲಸವನ್ನ ವ್ಯವಸ್ಥೆಯೇ ತೂರಿಸುತ್ತೆ. ಹಾಗಂತ ತೀರಾ ಕಮ್ಮಿ ಬರೆದರೂ ಕಷ್ಟ. ಹೇಳಿದ ಹೊತ್ತು ಮುಗಿದ ಕೂಡಲೇ ಕೆಲಸವನ್ನ ಅರ್ಧಕ್ಕೇ ಕಡಿದು ಹಾಕುತ್ತೆ. ಮತ್ತೆ ಫಲಿತಾಂಶವನ್ನ ಅಲ್ಲೇ ಬಿಟ್ಟು ಮರೀಬೇಡಿ. ತಾತ್ಕಾಲಿಕ ಜಾಗದಲ್ಲಿ ಇಟ್ಟದ್ದನ್ನ ಕೆಲ ದಿನಗಳಲ್ಲಿ ಅಳಿಸಿಬಿಡ್ತಾರೆ.

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಐಐಎಸ್‌ಸಿಯ ಎರಡನೇ ಕ್ಯಾಂಪಸ್ಸೇ ಇದೇ ಜಿಲ್ಲೆಯ ಕುದಾಪುರದಲ್ಲಿದೆ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ. ಚಿತ್ರದುರ್ಗದ ಹತ್ತಿರ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇದೆ. ಇಷ್ಟೆಲ್ಲ ಇರೋ ಜಿಲ್ಲೆಯ ಹುಡುಗನಿಗೆ, ಅರ್ಜಿ ಹಾಕಬಹುದು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿರಲಿಲ್ಲ. ತೆರಿಗೆ ದುಡ್ಡಿನ ಕಂಪ್ಯೂಟರ್ ಅದು, ಅವರಪ್ಪ ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟಿದಾರೆ.

ಚಹಾ ಮುಗಿಯೋ ಹೊತ್ತಿಗೆ ಹುಡುಗ ಫೋನಿನಲ್ಲಿ ಏನೋ ಬರೆದುಕೊಳ್ತಿದ್ದ. "ಗೈಡ್ ಸಹಿ ಬೇಕಲ್ವಾ ಸಾರ್? ಸೋಮವಾರ ಸಿಕ್ತಾರೆ" ಅಂದ.