ಮಣ್ಣು ಕೊಟ್ಟ ಲೋಹ

ಈಚೆಗೆ ಒಂದು ಭಾನುವಾರ, ತುಮಕೂರಿನ ಸದಾಶಿವನಗರದಲ್ಲಿರುವ ನಮ್ಮ ಮನೆಗೆ ನೆರೆಯ ತರುಣನೊಬ್ಬ ಬಂದ. ಅವನ ಕೈಯಲ್ಲಿ ತೆಂಗಿನ ಹೋಳಿನಷ್ಟು ದೊಡ್ಡದಾದ ಕರಿಯ ಗಟ್ಟಿಯೊಂದಿತ್ತು. ಚನ್ನರಾಯನದುರ್ಗದ ತಪ್ಪಲಲ್ಲಿ, ಸೋದರಮಾವನ ಹೊಲದಲ್ಲಿ, ಲೋಹಶೋಧಕ ಯಂತ್ರವನ್ನು ಹಿಡಿದು ಅಡ್ಡಾಡುತ್ತಿದ್ದಾಗ ಅದು ಸಿಕ್ಕಿತಂತೆ. “ಇದೇನು ಮೇಷ್ಟ್ರೇ? ಆಕಾಶದಿಂದ ಬಿದ್ದ ಉಲ್ಕೆಯೇ?” ಎಂದು ಕೇಳಿದ.

ನಾನು ವಸ್ತುವನ್ನು ನೋಡುವ ಮೊದಲು ಅವನ ಮುಖ ನೋಡಿದೆ. “ಎಲ್ಲಿ ಸಿಕ್ಕಿತಪ್ಪ? ಎಷ್ಟು ಆಳದಲ್ಲಿ? ಅಕ್ಕಪಕ್ಕದಲ್ಲಿ ಏನಿತ್ತು?” ಎಂದೆ. ಗೇಣುದ್ದದ ಆಳ, ಸುತ್ತ ಸುಟ್ಟ ಜೇಡಿಮಣ್ಣಿನ ಚೂರುಗಳು, ಇದ್ದಿಲು ಎಂದ. ಅರ್ಧ ಉತ್ತರ ಅಲ್ಲಿಯೇ ಇತ್ತು. ಆ ಗಟ್ಟಿಯ ಮೇಲ್ಮೈ ಪಾಕ ಹರಿದು ಹೆಪ್ಪುಗಟ್ಟಿದಂತೆ ತೋರುತ್ತಿತ್ತು. ಒಡೆದ ಕಡೆ ಗುಳ್ಳೆಗಳ ತೂತುಗಳು ಕಾಣುತ್ತಿದ್ದವು. ಉಲ್ಕೆಗಳಲ್ಲಿ ಇಂಥ ಗುಳ್ಳೆಗಳು ತೀರ ವಿರಳ. ಇದು ಕಬ್ಬಿಣದ ಕಿಟ್ಟ. ಅದಿರನ್ನು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯುವ ಕಸ.

ಕಸವೆಂದು ತಾತ್ಸಾರ ಮಾಡಬಾರದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತ ಕಬ್ಬಿಣ ಮತ್ತು ಉಕ್ಕು ತಯಾರಿಸುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿಟ್ಟ. ಹಳ್ಳಗಳ ಕರಿಮರಳನ್ನು ತೊಳೆದು, ಇದ್ದಿಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದರು. ಬಳಿಕ ಆ ಕಬ್ಬಿಣವನ್ನು ತಂಗಡಿ ಗಿಡದ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಉರಿಯಲ್ಲಿ ಬೇಯಿಸಿ ಉಕ್ಕು ಮಾಡುತ್ತಿದ್ದರು. ಯುರೋಪಿನವರು ಇಂಥ ಉಕ್ಕನ್ನು ‘ವೂಟ್ಜ್’ ಎಂದು ಕರೆದರು. ಆ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಮೈಮೇಲೆ ಗಾಜಿನಂಥ ಕರಿ ಲೇಪವಿರುವ ಮೂಸೆಯ ಚೂರೊಂದು ದೊರೆತರೆ, ಅದು ಆ ಕಸುಬಿನ ಸಾಕ್ಷಿಯಾಗಬಹುದು.

ಲೋಹಗಳನ್ನು ಗುರುತಿಸಲು ಕೆಲವು ಸರಳ ಕುರುಹುಗಳಿವೆ. ಕಬ್ಬಿಣ ಕೆಂಗಂದು ತುಕ್ಕು ಹಿಡಿದು ಪದರು ಪದರಾಗಿ ಉಬ್ಬುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ತಾಮ್ರ, ಕಂಚುಗಳ ಮೇಲೆ ಹಸುರು ಕಿಲುಬು ಕಟ್ಟುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ಸೀಸ ಮಾಸಲು ಬೂದುಬಣ್ಣದ್ದು, ಗಾತ್ರಕ್ಕೆ ಮೀರಿದ ತೂಕ. ಸೀಸವೆಂದು ಎಸೆಯುವಂತಿಲ್ಲ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೇ ದೊರೆತಿವೆ. ಆದರೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅಕ್ಷರವೂ ಚಿತ್ರವೂ ಕಿಲುಬಿನೊಡನೆ ಹೋದಾವು. ಮಣ್ಣಿನೊಡನೆಯೇ ಇರಗೊಡಬೇಕು.

ಗುರುತಿಸುವುದು ತಜ್ಞರಿಗೂ ಸುಲಭವಲ್ಲ. ಶಿವಮೊಗ್ಗ ಜಿಲ್ಲೆಯ ನಗರ, ಅಂದರೆ ಕೆಳದಿ ಅರಸರ ಬಿದನೂರು, 1763ರಲ್ಲಿ ಹೈದರನ ವಶವಾಯಿತು. ಅಲ್ಲಿನ ಬಾವಿಯೊಂದರಲ್ಲಿ 2002ರಲ್ಲಿ ನೂರಕ್ಕೂ ಮಿಕ್ಕಿ ತುಕ್ಕುಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಮೊದಲು ಅವನ್ನು ಫಿರಂಗಿಯ ಗುಂಡುಗಳೆಂದು ಭಾವಿಸಿದ್ದರು. ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂದು ನಿಶ್ಚಯವಾದುದು ಆಮೇಲೆ. 2018ರಲ್ಲಿ ಬತ್ತಿದ ಬಾವಿಯೊಂದರ ಮಣ್ಣು ಮದ್ದಿನ ವಾಸನೆ ಬೀರುತ್ತಿದ್ದುದನ್ನು ಗಮನಿಸಿ ಪುರಾತತ್ತ್ವ ಇಲಾಖೆ ಅಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು. ಒಂದೊಂದೂ ಸುಮಾರು 23ರಿಂದ 26 ಸೆಂಟಿಮೀಟರು ಉದ್ದ. ಬಿದಿರಿನ ಗಳುವಿಗೆ ಕಟ್ಟಿ ಹಾರಿಸುತ್ತಿದ್ದ ಇಂಥ ಆಯುಧಗಳಲ್ಲಿ ಕಬ್ಬಿಣದ ಕೊಳವೆ ಮದ್ದಿನ ಒತ್ತಡವನ್ನು ತಡೆದುಕೊಳ್ಳುತ್ತಿದ್ದುದರಿಂದ ಅವು ದೂರ ಹಾರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಇವನ್ನೇ ನೋಡಿ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಆ ಕೊಳವೆಗಳು ಗುಜರಿ ಅಂಗಡಿಗೆ ಹೋಗಿದ್ದರೆ ನಮಗೆ ಈ ಸಾಕ್ಷಿಯೇ ಇರುತ್ತಿರಲಿಲ್ಲ. ಬಾಯಿ ಮುಚ್ಚಿದ ಹಳೆಯ ಕೊಳವೆಯನ್ನು ಬಡಿಯುವುದು, ಕಾಯಿಸುವುದು ಅಪಾಯ ಎಂಬುದನ್ನೂ ಇಲ್ಲಿ ನೆನೆಯಬೇಕು.

ಗುಜರಿಯ ಮಾತು ಬಂದಾಗ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 1968ರ ಬೇಸಗೆ, ನನಗೆ ಎಂಟು ವರ್ಷ. ಕುಣಿಗಲ್ ಸೀಮೆಯ ನಮ್ಮೂರಿನಲ್ಲಿ ಹಳೆಯ ಹಗೇವನ್ನು ಮುಚ್ಚುವಾಗ, ಬಳೆಯೊಂದರಲ್ಲಿ ಪೋಣಿಸಿದ್ದ ಮೂರು ಹಸುರು ತಗಡುಗಳು ಸಿಕ್ಕವು. ಅಜ್ಜ ಅವನ್ನು ನನ್ನ ಕೈಯಲ್ಲೇ ಕಂಚುಗಾರನ ಮನೆಗೆ ಕಳುಹಿಸಿದರು; ಬದಲಿಗೆ ಒಂದು ಚೊಂಬು ಬಂದಿತು. ತಗಡಿನ ಮೇಲೆ ಗೀರುಗಳಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ಎಂ.ಎ. ತರಗತಿಯಲ್ಲಿ, ರೈಸ್ ಅವರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನಸಂಪುಟವನ್ನು ತಿರುವುತ್ತಿದ್ದಾಗ, ತಾಮ್ರಶಾಸನಗಳನ್ನು ಬಳೆಯಲ್ಲಿ ಪೋಣಿಸಿ ಮುದ್ರೆಯೊತ್ತುವ ಪದ್ಧತಿಯನ್ನು ಅರಿತೆ. ಅಂದು ಪುಸ್ತಕ ಮುಚ್ಚಿ ಹೊರಗೆ ಬಂದು ಕುಳಿತೆ. ಯಾವ ಅರಸನ ದಾನವೋ, ಯಾವ ಊರಿನ ಎಲ್ಲೆಯೋ! ಇಡೀ ಬಾಳು ಹಳಗನ್ನಡವನ್ನು ಪಾಠ ಹೇಳಿದ ನಾನೇ ಅದನ್ನು ಹೊತ್ತು ಒಯ್ದಿದ್ದೆ. ಆ ಚೊಂಬು ನಮ್ಮ ಮನೆಯಲ್ಲಿ ಈಗಲೂ ಇದೆ.

ಆದುದರಿಂದ ಆ ತರುಣನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಣ್ಣಿನಲ್ಲಿ ಬೆಲೆಯುಳ್ಳ ಹಳೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿಗೆ ಸಂಬಂಧಿಸಿದ ಕಾನೂನು 1878ರಿಂದಲೂ ವಿಧಿಸುತ್ತ ಬಂದಿದೆ. ಕರ್ನಾಟಕಕ್ಕೆ 1962ರ ಕಾಯಿದೆಯೂ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಪ್ಪಣೆಯಿಲ್ಲದೆ ಅಗೆಯುವಂತಿಲ್ಲ. ಯಂತ್ರ ಸದ್ದು ಮಾಡಿದಾಗ ಕೈ ತಡೆಯಿರಿ, ಜಾಗವನ್ನೂ ಆಳವನ್ನೂ ಬರೆದಿಡಿ, ಚಿತ್ರ ತೆಗೆಯಿರಿ, ಬಲ್ಲವರನ್ನು ಕೇಳಿರಿ. ತನ್ನ ನೆಲೆಯಿಂದ ಕಿತ್ತ ವಸ್ತು ಅರ್ಧ ಮೂಕವಾಗುತ್ತದೆ. ಕರಗಿಸಿದ ಮೇಲಂತೂ ಅದು ಮತ್ತೆ ಮಾತನಾಡುವುದಿಲ್ಲ.

ತರುಣ ಕಿಟ್ಟವನ್ನು ಕಾಗದದಲ್ಲಿ ಸುತ್ತಿಕೊಂಡ. ಮುಂದಿನ ಭಾನುವಾರ ಹೊಲದ ನಕ್ಷೆ ಬರೆದು ತರುತ್ತೇನೆಂದು ಹೇಳಿ ಹೋದ.