ಗುಂಡು ಎಸೆತದ ವೃತ್ತ

ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವ ಜಟ್ಟಿಗೆ ಗೆರೆಯ ಕಟ್ಟುಪಾಡಿಲ್ಲ. ಕಲ್ಲು ಹೆಗಲೇರಿತೋ ಇಲ್ಲವೋ ಎಂಬುದು ನೆರೆದ ಜನಕ್ಕೆಲ್ಲ ಕಾಣುತ್ತದೆ. ಶಾಲೆಯ ಕ್ರೀಡಾಕೂಟದ ಗುಂಡು ಎಸೆತದ ಮಾತು ಬೇರೆ. ಗುಂಡು ಎಷ್ಟು ದೂರ ಹೋಯಿತೆಂಬುದರಷ್ಟೇ, ಎಸೆದವರ ಕಾಲು ಎಲ್ಲಿತ್ತು ಎಂಬುದೂ ಅಲ್ಲಿ ಮುಖ್ಯ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ತಾಲೂಕು ಕೂಟಗಳಲ್ಲಿ ತಮ್ಮ ಮನೆಯ ಮಗನೋ ಮಗಳೋ ಗುಂಡು ಹಿಡಿದು ನಿಂತಿರಬಹುದು. ಜಿಲ್ಲೆಗೆ ಹೋಗುವ ಅವಕಾಶ ಎರಡು ಬೆರಳಿನ ಅಂತರದಲ್ಲಿ ತಪ್ಪುವುದುಂಟು. ಆದುದರಿಂದ ಈ ವೃತ್ತದ ವಿಚಾರವನ್ನು ಮಾಸ್ತರರಿಗಷ್ಟೇ ಬಿಟ್ಟುಬಿಡದೆ ತಾವೂ ತುಸು ತಿಳಿದಿರಿ.

ವೃತ್ತದ ಒಳ ಅಳತೆ 2.135 ಮೀಟರ್, ಹಳೆಯ ಲೆಕ್ಕದಲ್ಲಿ ಏಳು ಅಡಿ. ನಡುವೆ ಗೂಟ ಹೊಡೆದು, 1 ಮೀಟರ್ 6.75 ಸೆಂಟಿಮೀಟರ್ ದಾರ ಹಿಡಿದು ಸುತ್ತಿದರೆ ವೃತ್ತ ಸಿದ್ಧ. ಆದರೆ ದಾರವನ್ನು ಮೊದಲು ಅಳೆದು, ಆಮೇಲೆ ಗೂಟಕ್ಕೆ ಸುತ್ತುಹಾಕಿ ಕಟ್ಟುವವರಿದ್ದಾರೆ. ಗಂಟಿನಲ್ಲಿ ಮೂರು ಸೆಂಟಿಮೀಟರ್ ಹೋದರೆ ವೃತ್ತದ ಅಗಲ ಆರು ಕುಗ್ಗುತ್ತದೆ. ದಾರವನ್ನು ಕಟ್ಟಿದ ಮೇಲೆಯೇ ಅಳೆಯತಕ್ಕದ್ದು. ಸುಣ್ಣದ ಗೆರೆ ಈ ಅಳತೆಯ ಹೊರಗೆ ಬೀಳಬೇಕು, ಒಳಗಲ್ಲ.

ಕೃಷ್ಣೆಯ ಬದಿಯ ಎರೆನೆಲದಲ್ಲಿ ಮಳೆ ಬಿದ್ದ ಮರುದಿನ ಸುಣ್ಣದ ಗೆರೆ ಎಷ್ಟು ಹೊತ್ತು ನಿಂತೀತು? ಹತ್ತು ಮಕ್ಕಳು ಎಸೆಯುವುದರೊಳಗೆ ಗೆರೆ ಅಳಿಸಿ, ಹನ್ನೊಂದನೆಯವರ ಕಾಲು ತೀರ್ಪುಗಾರರ ಊಹೆಗೆ ಬಿಟ್ಟಂತಾಗುತ್ತದೆ. ಗಾಲಿಗೆ ಹಳಿ ಕೂಡಿಸಬಲ್ಲ ಕಮ್ಮಾರನಿಂದ ಕಬ್ಬಿಣದ ಪಟ್ಟಿಯ ಬಳೆಯೊಂದನ್ನು ಮಾಡಿಸಿಕೊಂಡರೆ ಈ ತಕರಾರು ಮುಗಿಯಿತು. ಬಳೆಯ ಒಳಮೈಗೆ ಪಾದ ತಾಗಿದರೆ ತಪ್ಪಲ್ಲ. ಅದರ ಮೇಲೆ ಅಥವಾ ಹೊರಗಿನ ನೆಲದ ಮೇಲೆ ಕಾಲಿಟ್ಟರೆ ಫೌಲು. ಮುಂದಿನ ತಡೆಹಲಗೆಗೂ ಇದೇ ನಿಯಮ. ಹತ್ತು ಸೆಂಟಿಮೀಟರ್ ಎತ್ತರದ ಆ ಹಲಗೆಯ ಒಳಬದಿಗೆ ಪಾದ ಒತ್ತಿ ನಿಲ್ಲಬಹುದು, ತಲೆಯ ಮೇಲೆ ತಾಗಬಾರದು. ಒಳಬದಿಗೆ ತಾಗಿದ್ದಕ್ಕೇ ಕೆಂಪು ಬಾವುಟ ಎತ್ತುವುದು ಮಗುವಿಗೆ ಮಾಡುವ ಅನ್ಯಾಯ.

ಫ್ರಾನ್ಸ್ ದೇಶದಲ್ಲಿ ಪೆಟಾಂಕ್ ಎಂಬ ಆಟವಿದೆ. ಲೋಹದ ಗುಂಡನ್ನು ಚಿಕ್ಕದೊಂದು ಮರದ ಗುಂಡಿನ ಹತ್ತಿರಕ್ಕೆ ಎಸೆಯುವ ಆಟ. ಅಲ್ಲಿಯ ವೃತ್ತ ಅಗಲವೆಂದರೆ ಐವತ್ತು ಸೆಂಟಿಮೀಟರ್. ಎಸೆದ ಗುಂಡು ನೆಲ ಮುಟ್ಟುವ ತನಕ ಎರಡು ಪಾದಗಳೂ ಅದರೊಳಗೆ ಊರಿರಬೇಕು. ಆಟದ ಹೆಸರಿಗೇ ಆ ಸೀಮೆಯ ಮಾತಿನಲ್ಲಿ ನೆಟ್ಟ ಪಾದವೆಂದು ಅರ್ಥ. ನಮ್ಮ ಗುಂಡು ಎಸೆತದಲ್ಲಿ ವೃತ್ತದೊಳಗೆ ಜಾರಬಹುದು, ತಿರುಗಬಹುದು. ಆದರೆ ನಿಂತ ನಿಲುವಿನಿಂದಲೇ ಆರಂಭಿಸಬೇಕು, ಗುಂಡು ನೆಲಕ್ಕೆ ಬೀಳುವ ಮೊದಲು ಹೊರಬರಬಾರದು.

ಮಕ್ಕಳು ಸೋಲುವುದು ಹೆಚ್ಚಾಗಿ ಇದರ ನಂತರವೇ. ಗುಂಡು ದೂರ ಬಿತ್ತೆಂಬ ಹಿಗ್ಗಿನಲ್ಲಿ ಮುಂದಕ್ಕೆ ಜಿಗಿದುಬಿಡುತ್ತಾರೆ. ಅಷ್ಟು ಒಳ್ಳೆಯ ಎಸೆತ ರದ್ದು! ವೃತ್ತದ ಎರಡೂ ಪಕ್ಕಕ್ಕೆ ಮುಕ್ಕಾಲು ಮೀಟರಿನ ಬಿಳಿಗೆರೆ ಇರುತ್ತದೆಯಷ್ಟೆ? ಹೊರಗಿಡುವ ಮೊದಲ ಹೆಜ್ಜೆ ಆ ಗೆರೆಯ ಹಿಂದೆಯೇ ಬೀಳಬೇಕು. ಮನೆಯ ಅಂಗಳದಲ್ಲಿ ಅಭ್ಯಾಸ ಮಾಡಿಸುವಾಗ ಪ್ರತಿ ಎಸೆತಕ್ಕೂ ಹಿಂದಿನಿಂದಲೇ ಹೊರಬರುವ ರೂಢಿ ಹಾಕಿಸಿರಿ. ಎಸೆಯುವ ಮೊದಲು ಹೆಜ್ಜೆ ತಪ್ಪಿತೆನಿಸಿದರೆ, ಫೌಲಾಗದೆ ಸಮಯವೂ ಮೀರದೆ ಇದ್ದಲ್ಲಿ, ಗುಂಡನ್ನು ಕೆಳಗಿಟ್ಟು ಮತ್ತೆ ಆರಂಭಿಸಲು ಅವಕಾಶವಿದೆ. ಇದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

ಇನ್ನು ಅಳತೆ. ಟೇಪಿನ ಸೊನ್ನೆಯ ತುದಿ ಗುಂಡು ಮಾಡಿದ ಗುರುತಿನ ಹತ್ತಿರದ ಅಂಚಿನಲ್ಲಿರಬೇಕು. ಟೇಪನ್ನು ವೃತ್ತದ ನಡುಬಿಂದುವಿನ ಮೇಲೆ ಎಳೆದು, ವೃತ್ತದ ಒಳ ಅಂಚಿನಲ್ಲಿ ಓದಬೇಕು. ಕೆಲವೆಡೆ ಎಲ್ಲರ ಎಸೆತವನ್ನೂ ತಡೆಹಲಗೆಯ ನಡುವಿಗೇ ಹಿಡಿದು ಅಳೆಯುತ್ತಾರೆ. ನೇರವಾಗಿ ಎಸೆದವನಿಗೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ಗಡಿಗೆರೆಯ ಅಂಚಿಗೆ 10 ಮೀಟರ್ ಎಸೆದವನಿಗೆ 10.05 ಮೀಟರ್ ದೊರೆತು, ನೇರ 10.03 ಮೀಟರ್ ಎಸೆದವನು ಹಿಂದೆ ಬೀಳುತ್ತಾನೆ. ಗೂಟ ಕಿತ್ತ ಮೇಲೂ ನಡುವಿನ ಗುರುತನ್ನು ಉಳಿಸಿಕೊಳ್ಳಿರೆಂದು ಹೇಳುವುದು ಇದಕ್ಕಾಗಿಯೇ. ಗಡಿಗೆರೆಗಳಿಗೂ ಅದೇ ಬಿಂದು ಬೇಕು: ಅಲ್ಲಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್ ಇದ್ದರೆ ಕೋನ ಸರಿಯಾಯಿತು.

ಚಕ್ರ ಎಸೆತಕ್ಕೆ ತಡೆಹಲಗೆಯಿಲ್ಲ, ವೃತ್ತ 2.50 ಮೀಟರ್. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡರು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದುದು ಅಷ್ಟೇ ಜಾಗದೊಳಗೆ ನಿಂತು. ಅದನ್ನು ಎಳೆಯುವವರು ದಾರವನ್ನು 1.25 ಮೀಟರಿಗೆ ಬಿಟ್ಟುಕೊಂಡರಾಯಿತು. ಗೂಟದ ಗಂಟನ್ನು ಮಾತ್ರ ಇನ್ನೊಮ್ಮೆ ನೋಡಿಕೊಳ್ಳಿರಿ.