ಎಪ್ಪತ್ತೇಳು ನಿಮಿಷಗಳ ಪ್ರಸಂಗ

ಗೋವೆಯ ಸಂಗೀತವೆಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಹೆಚ್ಚಾಗಿ ಎರಡು. ಇಗರ್ಜಿಯ ಹಬ್ಬಕ್ಕೆ ಬರುವ ಬ್ಯಾಂಡು ಒಂದು. ಅಂಜುನಾದ ಕಡಲತೀರದಿಂದ ಹೊರಟು ಲೋಕವೆಲ್ಲ ಹರಡಿದ ಟ್ರಾನ್ಸ್ ಎಂಬ ಕುಣಿತದ ಸಂಗೀತ ಇನ್ನೊಂದು. ಆದರೆ ವಾಸ್ಕೋ, ಜುವಾರಿನಗರಗಳ ಕೆಲವು ತರುಣರ ಕಿವಿಯಲ್ಲಿ ಮೂರನೆಯದೊಂದು ಮನೆಮಾಡಿದೆಯೆಂಬುದು ಹೊರಗಿನವರಿಗೆ ತಿಳಿದಿರಲಾರದು. ಜುವಾರಿನಗರದ ಗುಡ್ಡದ ಮೇಲೆ 2004ರಲ್ಲಿ ಬಿಟ್ಸ್ ಪಿಲಾನಿ ವಿದ್ಯಾಸಂಸ್ಥೆಯ ಗೋವಾ ವಿಭಾಗ ತೆರೆಯಿತು. ಅಲ್ಲಿನ ವಿದ್ಯಾರ್ಥಿಗಳು ನಡೆಸುವ 'ವೇವ್ಸ್' ಉತ್ಸವದಲ್ಲಿ ರಾಕ್ ತಂಡಗಳ ಕಾರ್ಯಕ್ರಮವೂ ಇರುತ್ತದೆ. ಅದೇ ಗುಡ್ಡದ ಆಸುಪಾಸಿನಲ್ಲಿ, ಕೂಲಿ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಗುಡ್ಡದ ಮೇಲಿನ ಸದ್ದು ಕೆಳಗಿನ ಮನೆಗಳಿಗೆ ಕೇಳಿಸದೆ ಇರುತ್ತದೆಯೇ?

ಈ ಮೂರನೆಯ ಸಂಗೀತದ ಹೆಸರು ಪ್ರೋಗ್ರೆಸಿವ್ ಮೆಟಲ್. ಮೆಟಲ್ ಎಂದರೆ ಲೋಹವೆಂದು ಎಲ್ಲರೂ ಬಲ್ಲರು. ಈ ಸಂಗೀತದ ಗಿಟಾರಿನ ಸದ್ದೂ ಗರಗಸ ಕಬ್ಬಿಣಕ್ಕೆ ತಾಗಿದಂತೆಯೇ ಇರುತ್ತದೆ. ಡ್ರಮ್ಮಿನವನು ಎರಡು ಕಾಲಿನಿಂದಲೂ ಒದೆಯುತ್ತಾನೆ. 'ಪ್ರೋಗ್ರೆಸಿವ್' ಎಂದು ಸೇರಿದಾಗ ಹಾಡುಗಳು ಹತ್ತು, ಹನ್ನೆರಡು ನಿಮಿಷಗಳಿಗೆ ಬೆಳೆಯುತ್ತವೆ, ತಾಳ ನಡುನಡುವೆ ಬದಲಾಗುತ್ತದೆ. ಇವರಲ್ಲಿ ಹಲವರು ಬಿಡಿ ಹಾಡು ಬರೆದು ಸುಮ್ಮನಿರುವವರಲ್ಲ. ಒಂದು ಆಲ್ಬಮ್ಮಿನ ಅಷ್ಟೂ ಹಾಡುಗಳಲ್ಲಿ ಒಂದೇ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಇದನ್ನು ಕಾನ್ಸೆಪ್ಟ್ ಆಲ್ಬಮ್ ಎನ್ನುತ್ತಾರೆ. ನಾವು ಕಥಾ ಆಲ್ಬಮ್ ಎಂದರೆ ಸಾಕು.

ಈ ಪದ್ಧತಿ ರಾಕ್ ಸಂಗೀತದಿಂದ ಬಂದದ್ದು. ಇಂಗ್ಲೆಂಡಿನ ದಿ ಹೂ ತಂಡದ 'ಟಾಮಿ' 1969ರದು, ಪಿಂಕ್ ಫ್ಲಾಯ್ಡ್‌ನ 'ದಿ ವಾಲ್' 1979ರದು. ಮೆಟಲ್‌ನವರು ಅದನ್ನು ಕೈಗೆತ್ತಿಕೊಂಡು ಇನ್ನಷ್ಟು ಹಟದಿಂದ ಬೆಳೆಸಿದರು. ಐರನ್ ಮೇಡನ್ ತಂಡ 1984ರಲ್ಲಿ ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಕಾವ್ಯವನ್ನು ಹದಿಮೂರು ನಿಮಿಷಗಳ ಒಂದೇ ಹಾಡಾಗಿಸಿತು. ಅಮೆರಿಕದ ಕ್ವೀನ್ಸ್‌ರೈಕ್ ತಂಡದ 1988ರ 'ಆಪರೇಷನ್: ಮೈಂಡ್‌ಕ್ರೈಮ್'ನಲ್ಲಿ ಮಾದಕ ವ್ಯಸನಿಯಾದ ನಿಕ್ಕಿ ಎಂಬ ತರುಣನನ್ನು ಒಬ್ಬ ಕ್ರಾಂತಿಕಾರಿ ಡಾಕ್ಟರು ಕೊಲೆಗಾರನನ್ನಾಗಿ ಪಳಗಿಸುತ್ತಾನೆ. ಮಾಸ್ಟಡಾನ್ ತಂಡ 2004ರಲ್ಲಿ ತಿಮಿಂಗಿಲ ಬೇಟೆಯ ದೊಡ್ಡ ಕಾದಂಬರಿ 'ಮೋಬಿ ಡಿಕ್'ನ್ನೇ ಆಧರಿಸಿ ಒಂದು ಆಲ್ಬಮ್ ಮಾಡಿತು. ಇಂಗ್ಲಿಷ್ ಪಾಠಕ್ಕೆ ಹೆದರುವ ಹುಡುಗರು ಕೋಲ್‌ರಿಜ್, ಮೆಲ್‌ವಿಲ್ ಎಂಬ ಹೆಸರುಗಳನ್ನು ಹೀಗೆ ಕಲಿಯುತ್ತಾರೆಂದರೆ ಅಧ್ಯಾಪಕನಾದ ನನಗೆ ಸ್ವಲ್ಪ ಅಸೂಯೆಯೇ.

ಈ ಬಗೆಯಲ್ಲಿ ಅತ್ಯಂತ ಹೆಸರಾದದ್ದು ಡ್ರೀಮ್ ಥಿಯೇಟರ್ ತಂಡದ 'ಸೀನ್ಸ್ ಫ್ರಮ್ ಎ ಮೆಮರಿ'. 1999ರಲ್ಲಿ ಹೊರಬಂದದ್ದು, ಎರಡು ಅಂಕ, ಒಂಬತ್ತು ದೃಶ್ಯ, ಒಟ್ಟು ಎಪ್ಪತ್ತೇಳು ನಿಮಿಷ. ನಿಕೊಲಸ್ ಎಂಬವನಿಗೆ ಕಾಣದ ಹುಡುಗಿಯೊಬ್ಬಳ ಕನಸು ಬಿಡದೆ ಬೀಳುತ್ತದೆ. ಅವನು ಸಂಮೋಹನ ಚಿಕಿತ್ಸೆ ಮಾಡುವವನೊಬ್ಬನ ಬಳಿಗೆ ಹೋಗುತ್ತಾನೆ. 1928ರಲ್ಲಿ ಕೊಲೆಯಾದ ವಿಕ್ಟೋರಿಯಾ ಎಂಬ ತರುಣಿಯೇ ಹಿಂದಿನ ಜನ್ಮದಲ್ಲಿ ತಾನಾಗಿದ್ದೆನೆಂದು ಅವನಿಗೆ ತಿಳಿದುಬರುತ್ತದೆ. ಆಕೆಯನ್ನು ಪ್ರೀತಿಸಿದವರು ಜೂಲಿಯನ್, ಎಡ್ವರ್ಡ್ ಎಂಬ ಅಣ್ಣತಮ್ಮಂದಿರು. ಜೂಲಿಯನನೇ ಆಕೆಯನ್ನು ಕೊಂದು ತಾನೂ ಪ್ರಾಣ ಬಿಟ್ಟನೆಂದು ಅಂದಿನ ಪತ್ರಿಕೆಯಲ್ಲಿ ವರದಿ ಬರುತ್ತದೆ. ಒಂದು ಹಾಡು ಪೂರ್ತಿ ಈ ವರದಿಯದೇ. ನಿಜವಾಗಿ ಇಬ್ಬರನ್ನೂ ಕೊಂದವನು ಎಡ್ವರ್ಡ್. ಪತ್ರಿಕೆಗೆ ಸಾಕ್ಷಿ ನುಡಿದವನೂ ಅವನೇ! ಪತ್ರಿಕೆಯಲ್ಲಿ ಅಚ್ಚಾದದ್ದೆಲ್ಲ ಸತ್ಯವಲ್ಲವೆಂಬ ಮಾತನ್ನು ಪತ್ರಿಕೆಯಲ್ಲೇ ಬರೆಯಬೇಕಾಗಿ ಬಂದುದಕ್ಕೆ ಸಂಪಾದಕರು ಮನ್ನಿಸಬೇಕು. ಕೊನೆಯಲ್ಲಿ ಸಂಮೋಹನಕಾರನೇ ಆ ಎಡ್ವರ್ಡನ ಮರುಜನ್ಮ, ನಿಕೊಲಸ್ ಎರಡನೆಯ ಸಲವೂ ಅವನ ಕೈಯಿಂದಲೇ ಸಾಯುತ್ತಾನೆ.

ಪುನರ್ಜನ್ಮದ ಕಥೆ ನಮಗೆ ಹೊಸತಲ್ಲ. 1980ರ 'ಕರ್ಜ್' ಹಿಂದಿ ಚಿತ್ರದಲ್ಲಿ ನಾಯಕನಿಗೆ ಹಿಂದಿನ ಜನ್ಮ ನೆನಪಾಗುವುದೂ ಗಿಟಾರಿನ ಒಂದು ಸ್ವರಗುಚ್ಛದಿಂದಲೇ. ಅದಕ್ಕೆ ಸಂಗೀತ ಕೊಟ್ಟ ಜೋಡಿಯಲ್ಲಿ ಒಬ್ಬರಾದ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದವರು ಗೋವೆಯ ಮಜೋರ್ಡಾದ ಆಂಟನಿ ಗೊನ್ಸಾಲ್ವಿಸ್. ಗೋವೆಯ ಇಗರ್ಜಿ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಎಷ್ಟೋ ಮಂದಿ ಮುಂಬಯಿಯ ಚಿತ್ರಗಳಿಗೆ ವಾದ್ಯ ನುಡಿಸಿದರು, ವಾದ್ಯಮೇಳ ಹೊಂದಿಸಿಕೊಟ್ಟರು. ಒಂದು ಸಣ್ಣ ರಾಗದ ತುಣುಕನ್ನು ಒಂದು ಪಾತ್ರಕ್ಕೋ ನೆನಪಿಗೋ ಗಂಟುಹಾಕಿ, ಬೇಕಾದಾಗ ಮರಳಿ ತರುವ ಉಪಾಯ ಆ ಚಿತ್ರಗಳಿಂದ ನಮ್ಮ ಕಿವಿಗೆ ರೂಢಿಯಾಗಿದೆ. ಕಥಾ ಆಲ್ಬಮ್ಮಿನ ಮುಖ್ಯ ಉಪಾಯವೂ ಅದೇ. ಎರಡನೆಯ ಹಾಡಿನಲ್ಲಿ ಬಂದ ತುಣುಕು ಒಂಬತ್ತನೆಯದರಲ್ಲಿ ಬೇರೆ ವೇಗದಲ್ಲಿ, ಬೇರೆ ವಾದ್ಯದಲ್ಲಿ ಮರಳುತ್ತದೆ. ಗುರುತು ಹಿಡಿದವನಿಗೆ ಕಥೆಯ ಒಂದು ಗಂಟು ಬಿಚ್ಚಿಕೊಳ್ಳುತ್ತದೆ, ಹಿಡಿಯದವನಿಗೆ ಬರಿಯ ಸದ್ದು. ಎರಡನೆಯ, ಮೂರನೆಯ ಸಲ ಕೇಳುವ ಚಪಲ ಹುಟ್ಟುವುದು ಇಲ್ಲಿಂದ.

ನಾನು ಇದಕ್ಕೆ ಕಿವಿಗೊಟ್ಟದ್ದು ಸಂಗೀತದ ಆಸೆಯಿಂದಲ್ಲ, ಅಕ್ಕನ ಒತ್ತಾಯದಿಂದ. ಅಕ್ಕನ ಸಂಸಾರ ವಾಸ್ಕೋದಲ್ಲಿದೆ. ಮಗ ಪ್ಲಸ್ ಟು ಓದುವವನು. ಊಟಕ್ಕೆ ಕರೆದರೂ ಕೇಳಿಸದಂತೆ ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಕೂತಿರುತ್ತಾನೆ. ಇನ್ನೊಮ್ಮೆ ಕಂಡರೆ ಅದನ್ನು ಮುರಿದು ಬಿಸಾಡುತ್ತೇನೆಂದು ಭಾವನವರು ಗುಡುಗಿದ್ದರು. "ನೀನು ಮಾಸ್ತರನಲ್ಲವಾ, ಒಮ್ಮೆ ಬುದ್ಧಿ ಹೇಳು" ಎಂದಳು ಅಕ್ಕ. ನಾಲ್ಕನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತ ಹುಡುಗ ಮತ್ತೆ ಇಂಗ್ಲಿಷ್ ಮಾಧ್ಯಮಕ್ಕೆ ಹೋದವನು. ಹೊರಗೆ ಕೊಂಕಣಿ, ಹಿಂದಿ. ಮನೆಯಲ್ಲಿ ಕನ್ನಡವೆಂದರೆ ಹೂಂ, ಬೇಡ, ಆಮೇಲೆ ಇಷ್ಟೇ. ಗಡಿಯಾಚೆ ಮಕ್ಕಳನ್ನು ಬೆಳೆಸುವ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏನು ಕೇಳುತ್ತೀ ಎಂದು ವಿಚಾರಿಸಿ ಒಂದು ಕಿವಿಗೆ ನಾನೂ ಇಟ್ಟುಕೊಂಡೆ. ಅವನು ತಟ್ಟನೆ ಅದನ್ನು ನಿಲ್ಲಿಸಿ, "ಮಾವ, ನಡುವಿನಿಂದ ಕೇಳಿದರೆ ಏನೂ ಗೊತ್ತಾಗಲಿಕ್ಕಿಲ್ಲ. ಮೊದಲಿನಿಂದ ಕೇಳಿ" ಎಂದ. ಮತ್ತೆ ಒಂದೊಂದು ಹಾಡು ಮುಗಿದಾಗಲೂ ನಿಲ್ಲಿಸಿ ಅರ್ಥ ಹೇಳುತ್ತ ಹೋದ. ಎಪ್ಪತ್ತೇಳು ನಿಮಿಷದ ಕಥೆಗೆ ಎರಡು ಗಂಟೆಯೂ ಸಾಲಲಿಲ್ಲ. ಹಿಪ್ನಾಸಿಸ್‌ಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಕೇಳಿದ, ಸಂಮೋಹನವೆಂದೆ. ಮುಂದಿನ ವಾಕ್ಯದಿಂದಲೇ ಆ ಶಬ್ದವನ್ನು ಬಳಸಿದ. ಸಾಕ್ಷಿ, ಸಂಶಯ, ಸೇಡು, ಹಿಂದಿನ ಜನ್ಮ ಒಂದೊಂದಾಗಿ ಬಂದವು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತೇ ಇದ್ದಳು. ಮಗ ಒಂದೇ ಸಮನೆ ಅಷ್ಟು ಕನ್ನಡ ಮಾತನಾಡಿದ್ದನ್ನು ಅವಳು ಕೇಳದೆ ವರ್ಷಗಳಾಗಿದ್ದವಂತೆ. ಬುದ್ಧಿ ಹೇಳುವ ಕೆಲಸ ಅಲ್ಲಿಗೇ ನಿಂತಿತು.

ನನಗೆ ಕೂಡಲೇ ಹೊಳೆದದ್ದು ತಾಳಮದ್ದಳೆ. ಈ ಆಲ್ಬಮ್ಮಿನಲ್ಲಿ ನಿಕೊಲಸನ ಪದವನ್ನೂ ವಿಕ್ಟೋರಿಯಾಳ ಪದವನ್ನೂ ಅಣ್ಣತಮ್ಮಂದಿರಿಬ್ಬರ ಪದವನ್ನೂ ಹಾಡುವವನು ಜೇಮ್ಸ್ ಲಾಬ್ರೀ ಒಬ್ಬನೇ. ರಾಮನಿಗೂ ಶೂರ್ಪನಖಿಗೂ ಒಬ್ಬರೇ ಭಾಗವತರು ಹಾಡುವುದನ್ನು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣಿಸುವುದಿಲ್ಲ. ವೇಷವಿಲ್ಲ, ರಂಗವಿಲ್ಲ, ಕಣ್ಣಿಗೆ ಏನೂ ಇಲ್ಲ. ಕಥೆಯೆಲ್ಲ ಕಿವಿಯ ಮೂಲಕವೇ ಒಳಗಿಳಿಯಬೇಕು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ 'ಪಂಚವಟಿ'ಯನ್ನು ನಮ್ಮ ಹಿರಿಯರು ಹಾಗೆ ಕೇಳಿ ರಾತ್ರಿ ಕಳೆದವರು.

ತಾಳದ ವಿಷಯ ಇನ್ನೂ ಸ್ವಾರಸ್ಯ. ಹುಡುಗ ಮೇಜಿನ ಮೇಲೆ ಬೆರಳಿನಿಂದ ಏಳೇಳು ಎಣಿಸುತ್ತ, ಸಿನೆಮಾ ಹಾಡೆಲ್ಲ ನಾಲ್ಕರ ಲೆಕ್ಕ, ಇವರು ಮಾತ್ರ ಏಳು, ಐದು, ಒಂಬತ್ತು ಹಾಕುತ್ತಾರೆಂದು ಹೆಮ್ಮೆಪಟ್ಟ. ಈ ಆಲ್ಬಮ್ಮಿನ 'ಡಾನ್ಸ್ ಆಫ್ ಇಟರ್ನಿಟಿ' ಎಂಬ ವಾದ್ಯಭಾಗ ಆರು ನಿಮಿಷವನ್ನು ಸ್ವಲ್ಪವೇ ಮೀರುತ್ತದೆ, ಅಷ್ಟರಲ್ಲಿ ನೂರಕ್ಕೂ ಹೆಚ್ಚು ಸಲ ಲೆಕ್ಕ ಬದಲಾಗುತ್ತದೆ. ನಾನು ಅವನ ಏಳರ ತಟ್ಟಿಗೆ ಕುಮಾರವ್ಯಾಸನ ಪದ್ಯವೊಂದನ್ನು ಹೇಳಿದೆ. ಭಾಮಿನಿ ಷಟ್ಪದಿಯ ನಡೆ ಮೂರು ಮಾತ್ರೆ, ನಾಲ್ಕು ಮಾತ್ರೆಯದು, ಒಟ್ಟು ಏಳೇ. ಅವನದು ನಾಲ್ಕು-ಮೂರು, ನನ್ನದು ಮೂರು-ನಾಲ್ಕು. ಎಲ್ಲಿಂದ ಹಿಡಿಯಬೇಕೆಂಬಷ್ಟೇ ವ್ಯತ್ಯಾಸ. ಐದು ಬೇಕೇ? ಲಕ್ಷ್ಮೀಶನ ವಾರ್ಧಕದಲ್ಲಿದೆ ಎಂದೆ. ಒಂಬತ್ತನೆಯ ತರಗತಿಗೆ ನಾನು ಪ್ರಸ್ತಾರ ಹಾಕಿಸುವಾಗ ಅರ್ಧ ತರಗತಿ ಆಕಳಿಸುತ್ತದೆ. ಇವನು ಮಾತ್ರ ಇನ್ನೊಂದು ಪದ್ಯ ಹೇಳಿ ಎಂದ.

ಆದರೂ ಎರಡೂ ಒಂದೇ ಎಂದು ಹೇಳಿ ಮುಗಿಸಲಾಗದು. ಊರಿಗೆ ಬಂದ ಮೇಲೆ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಅರ್ಥದ ಧ್ವನಿಮುದ್ರಣ ಒಂದನ್ನು ಅವನಿಗೆ ಕಳುಹಿಸಿದೆ. ಅರ್ಧ ಕೇಳಿ ಫೋನು ಮಾಡಿದ. "ವಾದ ಮಾಡುವುದು ಭಾರೀ ಉಂಟು ಮಾವ. ಆದರೆ ವಾಲಿ ಸಾಯುವುದು ಮೊದಲೇ ಗೊತ್ತಲ್ಲ?" ಪ್ರಶ್ನೆ ಸರಿಯಾದದ್ದೇ. ತಾಳಮದ್ದಳೆಯಲ್ಲಿ ಕಥೆ ಎಲ್ಲರಿಗೂ ಗೊತ್ತು. ವಾಲಿ ಹೇಗೆ ಸಮರ್ಥಿಸಿಕೊಳ್ಳುತ್ತಾನೆ, ರಾಮ ಏನು ಉತ್ತರ ಕೊಡುತ್ತಾನೆಂಬ ಕುತೂಹಲಕ್ಕೆ ಜನ ಕೂಡುತ್ತಾರೆ. ಕಥಾ ಆಲ್ಬಮ್ಮಿನಲ್ಲಿ ಕಥೆಯನ್ನೇ ತುಂಡುಮಾಡಿ ಅಡಗಿಸಿಟ್ಟಿರುತ್ತಾರೆ, ಅರ್ಥ ಹೇಳುವವರಿಲ್ಲ. ಕೇಳುವವನೇ ಅರ್ಥಧಾರಿಯೂ ಆಗಬೇಕು. ತರುಣರು ಇದಕ್ಕೆ ಅಂಟಿಕೊಳ್ಳುವುದು ಈ ಕೆಲಸದ ಆಕರ್ಷಣೆಯಿಂದಲೇ ಎಂದು ನನ್ನ ಅಭಿಪ್ರಾಯ. ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲವೆಂದು ಶಿಕ್ಷಕರ ಕೊಠಡಿಯಲ್ಲಿ ನಾವು ದಿನವೂ ಆಡುವ ಮಾತು ಈ ಹುಡುಗನಿಗಂತೂ ಹೊಂದದು.

ಗೋವೆಯ ಸ್ವಂತ ಪರಂಪರೆಯಲ್ಲಿ ಇದಕ್ಕೆ ಸಮೀಪದ್ದು ಯಾವುದು? 1892ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕೊಂಕಣಿ ತಿಯಾತ್ರ್ ನಾಟಕದಲ್ಲಿ ಹಾಡುಗಳು ಹೇರಳ. ಆದರೆ ಪರದೆ ಬಿದ್ದಾಗ ಹಾಡುವ ಕಾಂತಾರಗಳಿಗೆ ಕಥೆಯ ಸಂಬಂಧ ಬೇಕೆಂದಿಲ್ಲ. ಮಂತ್ರಿಗಳಿಗೂ ಪಂಚಾಯತಿನವರಿಗೂ ಏಟು ಕೊಡುವುದು ಅಲ್ಲಿಯೇ. ಹತ್ತು ನಿಮಿಷ ಹೊರಗೆ ಹೋಗಿ ಚಹಾ ಕುಡಿದು ಬಂದರೂ ಕಥೆ ತಪ್ಪುವುದಿಲ್ಲ. ವಿಳಂಬದ ಮಾಂಡೋ ಮುಗಿಯುತ್ತಲೇ ವೇಗದ ದುಲ್ಪೊದ್‌ಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಹಾಡುವ ಕ್ರಮವಿದೆ. ಅಲ್ಲಿ ಕೊಂಡಿ ಇರುವುದು ರಾಗತಾಳಗಳದು, ಕಥೆಯದಲ್ಲ. ಸಿಯೋಲಿಮ್‌ನ ರೇಮೋ ಫೆರ್ನಾಂಡಿಸ್ 1984ರಲ್ಲಿ 'ಗೋವನ್ ಕ್ರೇಝಿ' ಎಂಬ ಕ್ಯಾಸೆಟ್ಟನ್ನು ತಮ್ಮ ಮನೆಯಲ್ಲೇ ಮುದ್ರಿಸಿ, ವಾದ್ಯಗಳನ್ನೆಲ್ಲ ತಾವೇ ನುಡಿಸಿ, ಹಳದಿ ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಒಯ್ದು ಮಾರಿದರು. ಮೆಟಲ್ ಅದಲ್ಲ, ಒಂದೇ ಕಥೆಯೂ ಅಲ್ಲ. ಆದರೆ ಗೋವೆ ಎಂಬ ಒಂದೇ ಊರನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಆ ಕ್ಯಾಸೆಟ್ಟು ಬಿಡಿಹಾಡುಗಳ ಗಂಟಿಗಿಂತ ಬೇರೆಯಾದದ್ದು.

ದಕ್ಷಿಣದಲ್ಲಿ ಈ ದಾರಿ ಹಿಡಿದವರಿದ್ದಾರೆ. 1996ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಮದರ್‌ಜೇನ್ ತಂಡದ 'ಮಕ್ತೂಬ್' 2008ರಲ್ಲಿ ಬಂತು. ಅದರಲ್ಲಿ ಬೈಜು ಧರ್ಮಜನ್ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ಎಳೆಯುತ್ತಾರೆ. ಬೆಂಗಳೂರಿನ ಅಗಂ ತಂಡ ಕೀರ್ತನೆಗಳನ್ನೇ ಪ್ರೋಗ್ರೆಸಿವ್ ರಾಕ್ ಮಾಡಿದೆ. ಅಳಿಯ ಈ ಎರಡನ್ನೂ ಕೇಳಿದ್ದಾನೆ. ಅವನ ತೂಕದಲ್ಲಿ ಡ್ರೀಮ್ ಥಿಯೇಟರ್ ಮೇಲು, ನನ್ನದರಲ್ಲಿ ಮದರ್‌ಜೇನ್. ಈ ವಾದ ಇನ್ನೂ ಮುಗಿದಿಲ್ಲ.

ಈ ಸಂಗೀತದ ದೋಷಗಳನ್ನು ಹೇಳದಿದ್ದರೆ ಪಕ್ಷಪಾತವಾದೀತು. ಗಿಟಾರಿನವನು ತನ್ನ ಬೆರಳಿನ ವೇಗ ತೋರಿಸುವ ಭರದಲ್ಲಿ ಕಥೆಯನ್ನು ಐದು ನಿಮಿಷ ದಾರಿಯಲ್ಲಿ ನಿಲ್ಲಿಸಿಬಿಡುತ್ತಾನೆ. ಚೆಂಡೆಯವರ ಉಮೇದಿಗೆ ಪ್ರಸಂಗ ಕಾಯುವಂತೆ. ಸ್ವೀಡನ್ನಿನ ಓಪೆತ್ ತಂಡದ 'ಸ್ಟಿಲ್ ಲೈಫ್'ನಂಥವುಗಳಲ್ಲಿ ಗಂಟಲು ಹರಿಯುವ ಅಬ್ಬರ ನಮ್ಮ ವಯಸ್ಸಿನವರಿಗೆ ಸಹಿಸುವಂಥದ್ದಲ್ಲ. ಇನ್ನೊಂದನ್ನು ನಾನು ಅಳಿಯನಿಗೂ ತೋರಿಸಿಕೊಟ್ಟೆ. ವಿಕ್ಟೋರಿಯಾ ಸಾಯುತ್ತಾಳೆ, 'ಮೈಂಡ್‌ಕ್ರೈಮ್'ನ ಮೇರಿ ಸಾಯುತ್ತಾಳೆ, 'ಸ್ಟಿಲ್ ಲೈಫ್'ನ ಮೆಲಿಂಡಾಳೂ ಸಾಯುತ್ತಾಳೆ. ಗಂಡಸಿನ ದುಃಖಕ್ಕೆ ಕಾರಣ ಬೇಕೆಂದು ಹೆಣ್ಣನ್ನು ಕೊಲ್ಲುವ ಚಾಳಿ ಇದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ವಿಕ್ಟೋರಿಯಾಳಿಗೆ ಅವಳದೇ ಹಾಡು ಉಂಟು ಮಾವ" ಎಂದ. ಅಷ್ಟು ಮಟ್ಟಿಗೆ ಒಪ್ಪಬೇಕು.

ಭಾವನವರು ಪೂರ್ತಿ ಸಮಾಧಾನಗೊಂಡಿಲ್ಲ. ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಅವರ ಕಪಾಟಿನಲ್ಲಿರಬೇಕೆಂದು ನಿಬಂಧನೆ. ಎಪ್ಪತ್ತೇಳು ನಿಮಿಷ ತಡೆಯಿಲ್ಲದೆ ಸಿಗಬೇಕಾದರೆ ಎಂಟೂವರೆಯ ಒಳಗೆ ಓದು, ಊಟ ಎರಡೂ ಮುಗಿಯಬೇಕು. ಹುಡುಗ ಮುಗಿಸುತ್ತಾನೆಂದು ಅಕ್ಕ ಹೇಳುತ್ತಾಳೆ. ಕೊನೆಯ ಹಾಡಿನ ನಂತರ ಆ ಆಲ್ಬಮ್ಮಿನಲ್ಲಿ ಹಳೆಯ ಗ್ರಾಮಫೋನ್ ತಟ್ಟೆಯ ಗರಗರ ಸದ್ದು ಮಾತ್ರ ಉಳಿಯುತ್ತದೆ. ಅದು ಕಥೆಯ ಭಾಗವೆಂದೇ ನಾನು ತಿಳಿದಿದ್ದೆ. ಅದೇ ತಂಡದ ಮುಂದಿನ ಆಲ್ಬಮ್ 2002ರಲ್ಲಿ ಬಂದಾಗ ಅದೇ ಗರಗರ ಸದ್ದಿನಿಂದಲೇ ಆರಂಭವಾಯಿತೆಂದು ಅಳಿಯ ತಿಳಿಸಿದ್ದಾನೆ. ಅದನ್ನು ಮೊದಲಿನಿಂದ ಕೇಳಿಸಿ ಅರ್ಥ ಹೇಳುವುದನ್ನು ದೀಪಾವಳಿಯ ರಜೆಗೆ ಇಟ್ಟುಕೊಂಡಿದ್ದಾನೆ.